ಡ್ರಮ್ ಅಂಡ್ ಬಾಸ್ ರಾತ್ರಿಗಳಲ್ಲಿ ಎಂಸಿ: ಎಷ್ಟು ಮಾತು, ಎಲ್ಲಿ ಮೌನ?

ನಾದಲೋಲ (ಬೆಂಗಳೂರು)

ಇಲ್ಲಿ ಜಂಗಲ್, ಡ್ರಮ್ ಅಂಡ್ ಬಾಸ್, ಗ್ಯಾರಾಜ್ ಎಂಬ, ಬ್ರಿಟನ್ನಿನಲ್ಲಿ ಬೆಳೆದ ಎಲೆಕ್ಟ್ರಾನಿಕ್ ಕುಣಿತದ ಸಂಗೀತಗಳನ್ನು ಕೇಳುವವರು ಸಾಕಷ್ಟು ಮಂದಿ ಇರುವುದರಿಂದ, ಬಹುಕಾಲದಿಂದ ಮನಸ್ಸಿನಲ್ಲಿದ್ದ ವಿಷಯವೊಂದನ್ನು ಚರ್ಚೆಗೆ ಇಡುತ್ತಿದ್ದೇನೆ. ಇತ್ತೀಚೆಗೆ ನಗರದ ಒಂದು ಕಾರ್ಯಕ್ರಮಕ್ಕೆ ಹೋಗಿದ್ದೆ. ಡಿಜೆಯವರ ಆಯ್ಕೆಯಲ್ಲಾಗಲಿ ಮಿಕ್ಸಿಂಗ್‌ನಲ್ಲಾಗಲಿ ಕುಂದು ಹೇಳುವಂಥದ್ದೇನೂ ಇರಲಿಲ್ಲ. ಆದರೆ ಅವರ ಪಕ್ಕದಲ್ಲಿ ಮೈಕ್ ಹಿಡಿದು ನಿಂತಿದ್ದ ಎಂಸಿ (ಸಂಗೀತದ ಮೇಲೆ ಮಾತು, ಪ್ರಾಸ ಹೇಳುವವರು), ಸೆಟ್ (ಡಿಜೆ ಎಡೆಬಿಡದೆ ಹಾಕುವ ರೆಕಾರ್ಡುಗಳ ಸರಣಿ) ಶುರುವಾದಾಗ ತೆರೆದ ಬಾಯನ್ನು ಅದು ಮುಗಿಯುವವರೆಗೂ ಮುಚ್ಚಲಿಲ್ಲ. ಡ್ರಮ್ ನಿಂತು, ಸಿಂಥ್ ಒಂದೇ ಉಳಿದು, ಇಡೀ ಸಭಾಂಗಣ ಡ್ರಾಪ್‌ಗಾಗಿ, ಅಂದರೆ ಡ್ರಮ್ ಮತ್ತು ಬಾಸ್ ಒಮ್ಮೆಗೇ ಮರಳಿ ಬರುವ ಗಳಿಗೆಗಾಗಿ, ಕಾಯುತ್ತಿದ್ದ ಹೊತ್ತಿನಲ್ಲಿ ಆತ ಪ್ರಾಯೋಜಕರ ಹೆಸರನ್ನು ಎರಡು ಸಲ ಕೂಗಿದ್ದನ್ನು ನಾನು ಇನ್ನೂ ಕ್ಷಮಿಸಿಲ್ಲ. ಬಾಸ್ ಬಂದಾಗ ಅದು ಬಂದದ್ದೇ ಅರ್ಧ ಜನಕ್ಕೆ ತಿಳಿಯಲಿಲ್ಲ.

ಎಂಸಿಯೇ ಬೇಡವೆಂದು ನಾನು ಹೇಳುತ್ತಿಲ್ಲ. ಡಿಜೆ ಮುಂದೆ ಯಾವ ರೆಕಾರ್ಡ್ ಹಾಕಲಿದ್ದಾರೆ, ಅದರಲ್ಲಿ ಎಷ್ಟು ಬಾರ್ (ನಾಲ್ಕು ಹೊಡೆತದ ಆವರ್ತ) ಕಳೆದ ಮೇಲೆ ಡ್ರಾಪ್ ಬರುತ್ತದೆ ಎಂಬುದನ್ನು ಕಿವಿಯಿಂದಲೇ ಅಂದಾಜು ಮಾಡಲಾರದವರು ಆ ಸ್ಥಳದಲ್ಲಿ ನಿಲ್ಲಬಾರದು ಎಂಬುದಷ್ಟೇ ನನ್ನ ವಾದ. ಎಂಸಿಯಿಂದ ನಾವು ಏನನ್ನು ನಿರೀಕ್ಷಿಸಬಹುದು, ಯಾವ ಬಗೆಯ ಸಂಗೀತಕ್ಕೆ ಎಷ್ಟು ಮಾತು ಒಗ್ಗುತ್ತದೆ ಎಂಬುದರ ಬಗ್ಗೆ ತಿಳಿದವರು ಬರೆಯಬೇಕೆಂದು ಕೋರುತ್ತೇನೆ.

ರೆಕಾರ್ಡುಪೆಟ್ಟಿಗೆ (ಮೈಸೂರು)

ನಾದಲೋಲ ಅವರೇ, ಡಿಜೆ ಮೊದಲಿನಿಂದಲೂ ಇದ್ದರು, ಎಂಸಿ ಆಮೇಲೆ ಬಂದು ಸೇರಿಕೊಂಡರು ಎಂಬ ಊಹೆ ಇಂಥ ಪ್ರಶ್ನೆಗಳ ಹಿಂದೆ ಸಾಮಾನ್ಯವಾಗಿ ಇರುತ್ತದೆ. ಈ ಸಂಗೀತದ ವಂಶಾವಳಿಯನ್ನು ಹಿಡಿದು ಹಿಂದಕ್ಕೆ ಹೋದರೆ ಇಬ್ಬರೂ ಒಟ್ಟಿಗೇ ಸಿಗುತ್ತಾರೆ. 1950ರ ದಶಕದ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಬಯಲಿನಲ್ಲಿ ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನಿಟ್ಟು ರೆಕಾರ್ಡ್ ಹಾಕುತ್ತಿದ್ದ ಸೌಂಡ್ ಸಿಸ್ಟಂಗಳಲ್ಲಿ ಕೌಂಟ್ ಮಚೂಕಿ ಎಂಬವರು ಅಮೆರಿಕದ ರೇಡಿಯೊ ನಿರೂಪಕರ ಚುರುಕುಮಾತಿನಿಂದ ಪ್ರೇರಣೆ ಪಡೆದು, ಹಾಡಿನ ನಡುವೆ ಪ್ರಾಸಬದ್ಧವಾಗಿ ಮಾತು ಸೇರಿಸತೊಡಗಿದರು. ಅಲ್ಲಿನ ರೂಢಿಯಲ್ಲಿ ರೆಕಾರ್ಡ್ ಹಾಕುವವರು ಸೆಲೆಕ್ಟರ್. ಡಿಜೆ ಎಂದರೆ ಮೈಕ್ ಹಿಡಿದು ಮಾತನಾಡುವವರು. ಇದನ್ನು ತಿಳಿಯದೆ ಹಳೆಯ ಜಮೈಕನ್ ರೆಕಾರ್ಡುಗಳ ಲಕೋಟೆ ಓದಿದರೆ ಗೊಂದಲವಾಗುತ್ತದೆ.

ಮುಂದಿನ ಹೆಜ್ಜೆ ಇನ್ನೂ ಮುಖ್ಯವಾದದ್ದು. 1960ರ ದಶಕದ ಕೊನೆಯ ಹೊತ್ತಿಗೆ ಹಾಡಿನಿಂದ ಗಾಯಕರ ಧ್ವನಿಯನ್ನು ತೆಗೆದು, ಡ್ರಮ್ ಮತ್ತು ಬಾಸ್ ಮಾತ್ರ ಎದ್ದು ಕಾಣುವ 'ವರ್ಷನ್'ಗಳನ್ನು ಮಾಡುವ ಅಭ್ಯಾಸ ಬಂತು. ಕಿಂಗ್ ಟಬ್ಬಿ ಅವರ ಸೌಂಡ್ ಸಿಸ್ಟಂನಲ್ಲಿ ಯು-ರಾಯ್ ಆ ಖಾಲಿ ಜಾಗದಲ್ಲಿ ಮಾತನಾಡುತ್ತಿದ್ದರು. 1970ರಲ್ಲಿ ಡ್ಯೂಕ್ ರೀಡ್ ಅವರ ಟ್ರೆಷರ್ ಐಲ್ ರೆಕಾರ್ಡ್ ಸಂಸ್ಥೆಗಾಗಿ ಯು-ರಾಯ್ ಮಾಡಿದ ಧ್ವನಿಮುದ್ರಣಗಳು ಜಮೈಕಾದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೇಲಕ್ಕೇರಿದವು. ಅವುಗಳನ್ನು ಗಮನವಿಟ್ಟು ಕೇಳಿದರೆ ಒಂದು ಸಂಗತಿ ಗೊತ್ತಾಗುತ್ತದೆ: ಮೂಲ ಹಾಡಿನ ಒಂದೆರಡು ಸಾಲುಗಳನ್ನು ಅಲ್ಲಲ್ಲಿ ಉಳಿಸಿಕೊಂಡಿದ್ದಾರೆ, ಗಾಯಕರು ಒಂದು ಮಾತು ಹೇಳಿ ನಿಲ್ಲಿಸಿದೊಡನೆ ಯು-ರಾಯ್ ಅದಕ್ಕೆ ಉತ್ತರ ಕೊಡುತ್ತಾರೆ, ಅವರು ಮತ್ತೆ ಹಾಡತೊಡಗಿದಾಗ ಇವರು ಸರಿದು ನಿಲ್ಲುತ್ತಾರೆ. ನೀವು ಕೇಳಿದ 'ಎಷ್ಟು ಮಾತು' ಎಂಬ ಪ್ರಶ್ನೆಗೆ ಅರ್ಧ ಶತಮಾನದ ಹಿಂದೆಯೇ ಸಿಕ್ಕ ಉತ್ತರ ಅದು. ಸಂಗೀತ ಬಿಟ್ಟುಕೊಟ್ಟ ಜಾಗದಲ್ಲಿ ಮಾತ್ರ ಅವರು ಮಾತನಾಡುತ್ತಿದ್ದರು.

ಕಿಂಗ್‌ಸ್ಟನ್‌ನಲ್ಲಿ ಹುಟ್ಟಿ ನ್ಯೂಯಾರ್ಕಿನ ಬ್ರಾಂಕ್ಸ್‌ಗೆ ವಲಸೆ ಹೋದ ಕೂಲ್ ಹರ್ಕ್ 1973ರ ಆಗಸ್ಟ್ 11ರಂದು ನಡೆಸಿದ, ಹಿಪ್‌ಹಾಪ್‌ನ ಹುಟ್ಟೆಂದು ಎಣಿಸಲಾಗುವ ಪಾರ್ಟಿಯ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ವಿಸ್ತರಿಸುವುದಿಲ್ಲ. ಅವರ ಜೊತೆ ಮೈಕ್ ಹಿಡಿದಿದ್ದ ಕೋಕ್ ಲಾ ರಾಕ್ ಮೊದಮೊದಲು ಮಾಡುತ್ತಿದ್ದದ್ದು ಬಂದ ಗೆಳೆಯರ ಹೆಸರು ಕೂಗುವ ಕೆಲಸವನ್ನೇ. ಬ್ರಿಟನ್ನಿಗೆ ಈ ಪದ್ಧತಿ ಬಂದದ್ದು ಮಾತ್ರ ಅಮೆರಿಕದ ಮೂಲಕವಲ್ಲ. ಕೆರಿಬಿಯನ್ ವಲಸಿಗರ ಸೌಂಡ್ ಸಿಸ್ಟಂಗಳ ಮೂಲಕ ನೇರವಾಗಿ ಬಂತು. 1980ರ ದಶಕದಲ್ಲಿ ದಕ್ಷಿಣ ಲಂಡನ್ನಿನ ಸ್ಯಾಕ್ಸನ್ ಸೌಂಡ್‌ನ ಸ್ಮೈಲಿ ಕಲ್ಚರ್, ಟಿಪ್ಪಾ ಐರೀ ಮೊದಲಾದವರು ಉಸಿರು ಬಿಡದೆ ವೇಗವಾಗಿ ಹೇಳುವ ಶೈಲಿಯನ್ನು ಬೆಳೆಸಿದರು. ಹತ್ತು ವರ್ಷಗಳ ನಂತರ ಜಂಗಲ್‌ನ ವೇಗಕ್ಕೆ ಬೇಕಾದ ನಾಲಿಗೆ ಅಲ್ಲಿಯೇ ಸಿದ್ಧವಾಗಿತ್ತು.

ತೇಮ್ಸ್‌ದಂಡೆ (ಲಂಡನ್)

ರೆಕಾರ್ಡುಪೆಟ್ಟಿಗೆ ಅವರು ನಿಲ್ಲಿಸಿದಲ್ಲಿಂದ ಮುಂದುವರಿಸುತ್ತೇನೆ. ಇಲ್ಲಿ 1989ರ ಸುಮಾರಿನ ದೊಡ್ಡ ರೇವ್‌ಗಳಲ್ಲಿ (ರಾತ್ರಿಯಿಡೀ ಕುಣಿಯುವ ಕೂಟಗಳಲ್ಲಿ) ಎಂಸಿಯ ಕೆಲಸ ಬಹುಮಟ್ಟಿಗೆ ಘೋಷಣೆಗಳದ್ದಾಗಿತ್ತು. ಮುಂದಿನ ಡಿಜೆ ಯಾರು, ಕಾರಿನ ದೀಪ ಉರಿಸಿಟ್ಟು ಬಂದವರು ಯಾರು, ಗೆಳೆಯರನ್ನು ಕಳೆದುಕೊಂಡವರು ಎಲ್ಲಿ ನಿಲ್ಲಬೇಕು ಎಂಬಂಥ ಮಾತುಗಳು. ಸಂಗೀತ ಜಂಗಲ್ ಆಗಿ ಬದಲಾಗುತ್ತಿದ್ದಂತೆ ಘೋಷಕರು ಕಲಾವಿದರಾದರು. 1994ರಲ್ಲಿ ಎಂ-ಬೀಟ್ ಅವರ ಜೊತೆ ಜನರಲ್ ಲೀವಿ ಹೇಳಿದ ಹಾಡು ಬ್ರಿಟನ್ನಿನ ಮೊದಲ ಹತ್ತರೊಳಗೆ ಬಂದಾಗ, ಅಲ್ಲಿಯವರೆಗೆ ಈ ಸಂಗೀತವನ್ನು ಕೇಳಿಯೇ ಇರದವರಿಗೂ ಎಂಸಿ ಎಂದರೆ ಏನೆಂದು ಗೊತ್ತಾಯಿತು.

ಅವರ ಖ್ಯಾತಿಗೆ ನಿಜವಾದ ಕಾರಣ ಕ್ಯಾಸೆಟ್ ಎಂಬುದನ್ನು ಇಂದಿನವರು ಮರೆಯುತ್ತಾರೆ. ದೊಡ್ಡ ರೇವ್‌ಗಳ ಆಯೋಜಕರು ಇಡೀ ರಾತ್ರಿಯ ಸೆಟ್‌ಗಳನ್ನು ಮುದ್ರಿಸಿ, ಹಲವು ಕ್ಯಾಸೆಟ್‌ಗಳನ್ನು ಒಂದು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಜೋಡಿಸಿ ಮಾರುತ್ತಿದ್ದರು. ಸಣ್ಣ ಊರುಗಳ ಹುಡುಗರು ಕ್ಲಬ್ಬಿಗೆ ಕಾಲಿಡುವ ವಯಸ್ಸಿಗೆ ಮೊದಲೇ ಸ್ಟೀವಿ ಹೈಪರ್ ಡಿ ಅವರ ಸಾಲುಗಳನ್ನು ಬಾಯಿಪಾಠ ಮಾಡಿರುತ್ತಿದ್ದರು. ಅವರು 1998ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಮಾತಿನ ನಡುವೆ ಹಾಡಿನ ಎಳೆಯೊಂದನ್ನು ತಂದು, ಅದನ್ನು ಸಭೆಯ ಬಾಯಲ್ಲಿ ಹೇಳಿಸಿ, ತಕ್ಷಣ ಇಮ್ಮಡಿ ವೇಗಕ್ಕೆ ಜಿಗಿಯುವ ಅವರ ರೀತಿ ನಂತರದವರಿಗೆ ಪಠ್ಯವಾಯಿತು. ಆ ಪರಂಪರೆಯನ್ನು ಅತಿ ದೂರಕ್ಕೆ ಕೊಂಡೊಯ್ದವರು ಸ್ಕಿಬಡೀ. ಅವರೂ 2022ರಲ್ಲಿ ಹೋದರು.

ಇದಕ್ಕೆ ತೀರ ಎದುರಾದ ದಾರಿ ಕಾನ್ರಾಡ್ ಅವರದು. ಡಿಜೆ ಎಲ್‌ಟಿಜೆ ಬುಕೆಮ್ ಅವರ ಸೆಟ್‌ಗಳು ತೇಲುವ ಸಿಂಥ್‌ಗಳ, ಜಾಝ್ ಛಾಯೆಯ ಸಂಗೀತದಿಂದ ತುಂಬಿರುತ್ತಿದ್ದವು. ಅವುಗಳ ಮೇಲೆ ಕಾನ್ರಾಡ್ ಆಳವಾದ, ಶಾಂತವಾದ ದನಿಯಲ್ಲಿ ನಾಲ್ಕು ಸಾಲು ಹೇಳಿ ಬಹಳ ಹೊತ್ತು ಸುಮ್ಮನಿರುತ್ತಿದ್ದರು. ಒಂದು ರೆಕಾರ್ಡ್ ಇನ್ನೊಂದಕ್ಕೆ ಕರಗುವ ಗಳಿಗೆಯಲ್ಲಿ ಮತ್ತೆ ಬಂದು ಎರಡನ್ನೂ ಹೊಲಿಯುತ್ತಿದ್ದರು. 2024ರಲ್ಲಿ ಅವರು ನಿಧನರಾದಾಗ ಎಂಸಿಗಳನ್ನು ಇಷ್ಟಪಡದ ಎಷ್ಟೋ ಮಂದಿ ಶೋಕಿಸಿದ್ದನ್ನು ಕಂಡೆ. ರೋನಿ ಸೈಜ್ ಅವರ ರೆಪ್ರಜೆಂಟ್ ತಂಡಕ್ಕೆ 1997ರಲ್ಲಿ ಬ್ರಿಟನ್ನಿನ ವರ್ಷದ ಆಲ್ಬಂಗೆ ಕೊಡುವ ಮರ್ಕ್ಯುರಿ ಪ್ರಶಸ್ತಿ ಬಂದಾಗ ಡೈನಮೈಟ್ ಎಂಸಿ ತಂಡದ ಪೂರ್ಣ ಸದಸ್ಯರಾಗಿದ್ದರು ಎಂಬುದನ್ನೂ ನೆನಪಿಡಬೇಕು.

ನಮ್ಮ ಉಪಖಂಡದ ನಂಟನ್ನು ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಹಾಕ್ಸ್‌ಟನ್‌ನ ಬ್ಲೂ ನೋಟ್ ಕ್ಲಬ್ಬಿನಲ್ಲಿ 1995ರಿಂದ ಭಾನುವಾರಗಳಂದು ಗೋಲ್ಡಿಯವರ ಮೆಟಲ್‌ಹೆಡ್ಜ್ ಎಂಬ ಡ್ರಮ್ ಅಂಡ್ ಬಾಸ್ ರಾತ್ರಿಗಳು ನಡೆಯುತ್ತಿದ್ದ ಕಾಲದಲ್ಲೇ ಅದೇ ಸೂರಿನಡಿ ತಬಲಾ ವಾದಕ ತಲ್ವಿನ್ ಸಿಂಗ್ ಅವರ ಅನೋಖಾ ರಾತ್ರಿಗಳೂ ನಡೆದವು. ಏಷ್ಯನ್ ಡಬ್ ಫೌಂಡೇಶನ್‌ನ ಮೊದಲ ಎಂಸಿ ದೀದರ್ ಜಮಾನ್ ಬಂಗಾಳಿ ಮೂಲದ ಹುಡುಗ. ಆ ತಂಡದಲ್ಲಿ ಎಂಸಿಯ ಮಾತು ಅಲಂಕಾರವಾಗಿರದೆ ಹಾಡಿನ ಹೊಟ್ಟೆಯೇ ಆಗಿತ್ತು.

ಮಲ್ಲೇಶ್ವರದ ಮೌನಿ (ಬೆಂಗಳೂರು)

ಇತಿಹಾಸವನ್ನು ಗೌರವದಿಂದ ಓದಿದೆ. ಆದರೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಒಂದು ಕಾಲದಲ್ಲಿ ಹುಟ್ಟಿದ್ದಕ್ಕೆ ಕಾರಣವಿತ್ತು ಎಂದಮಾತ್ರಕ್ಕೆ ಅದು ಎಲ್ಲ ಕಾಲಕ್ಕೂ ಬೇಕೇಬೇಕು ಎಂದಾಗುವುದಿಲ್ಲ. ಬರ್ಲಿನ್ನಿನ ಟೆಕ್ನೋ ಕ್ಲಬ್ಬುಗಳಲ್ಲಿ ರಾತ್ರಿಯಿಡೀ ಒಬ್ಬರೂ ಮೈಕ್ ಮುಟ್ಟುವುದಿಲ್ಲ. ಅಲ್ಲಿ ಕುಣಿಯುವವರಿಗೆ ಯಾವಾಗ ಕೈ ಎತ್ತಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಟೆಕ್ನೋ ಸೆಟ್‌ನಲ್ಲಿ ಬದಲಾವಣೆಗಳು ನಿಧಾನವಾಗಿ, ಕೇಳುಗನಿಗೆ ಅರಿವಾಗದಂತೆ ಆಗುತ್ತವೆ, ಮಾತು ಬಂದೊಡನೆ ಆ ಎಳೆ ಹರಿದುಹೋಗುತ್ತದೆ ಎಂಬುದನ್ನು ನೀವೆಲ್ಲ ಒಪ್ಪುತ್ತೀರಿ. ಹಾಗಾದರೆ ಅದೇ ನ್ಯಾಯ ಡ್ರಮ್ ಅಂಡ್ ಬಾಸ್‌ಗೆ ಏಕೆ ಸಲ್ಲದು? ಬ್ರೇಕ್‌ಬೀಟ್‌ನ (ಹಳೆಯ ಹಾಡಿನಿಂದ ತೆಗೆದ ಡ್ರಮ್ ತುಣುಕಿನ) ಒಳಗಿನ ಸಣ್ಣ ಸ್ನೇರ್ ಡ್ರಮ್ ಹೊಡೆತಗಳನ್ನು ಒಂದೊಂದಾಗಿ ಕತ್ತರಿಸಿ ಜೋಡಿಸಲು ನಿರ್ಮಾಪಕರು ವಾರಗಟ್ಟಲೆ ಕುಳಿತಿರುತ್ತಾರೆ. ಅವುಗಳ ಮೇಲೆ ಒಬ್ಬರು ತಮ್ಮ ಹೆಸರನ್ನೇ ಇಪ್ಪತ್ತು ಸಲ ಹೇಳಿದರೆ ಯಾರಿಗೆ ಲಾಭ?

ದೊಡ್ಡ ವೇದಿಕೆಗಳ ಇಡಿಎಂ (ಎಲೆಕ್ಟ್ರಾನಿಕ್ ಡಾನ್ಸ್ ಮ್ಯೂಸಿಕ್) ಇನ್ನೂ ಕೆಟ್ಟದ್ದು. ಅಲ್ಲಿ ಎಂಸಿಯನ್ನು ಕರೆಸುವ ಖರ್ಚನ್ನೂ ಉಳಿಸಿ ಡಿಜೆಗಳೇ ಟೇಬಲ್ ಹತ್ತಿ, ಮೂರು ಎಣಿಸಿ ಹಾರಲು ಹೇಳುತ್ತಾರೆ. ಜರ್ಮನಿಯ ಸ್ಕೂಟರ್ ತಂಡದ ಎಚ್.ಪಿ. ಬ್ಯಾಕ್ಸ್‌ಟರ್ 1994ರಲ್ಲಿ ಡಿಜೆಗಳ ಹೆಸರನ್ನು ಕೂಗಿಯೇ ಒಂದು ಹಿಟ್ ಹಾಡು ಮಾಡಿದರಲ್ಲ, ಅವರಿಗಾದರೂ ಅದರಲ್ಲಿ ತಮಾಷೆ ಇದೆ ಎಂಬುದು ಗೊತ್ತಿತ್ತು.

ಫೇಡರ್ (ಹುಬ್ಬಳ್ಳಿ)

ನಾನು ಸೌಂಡ್ ಎಂಜಿನಿಯರ್. ಎರಡೂ ಪಕ್ಷದವರು 'ಎಂಸಿ ಕಿರಿಕಿರಿ' ಎಂದು ಬೈಯುವ ಸಂದರ್ಭಗಳಲ್ಲಿ ಬಹುಪಾಲು ತಪ್ಪು ಮೈಕ್ ಹಿಡಿದ ಕೈಯಲ್ಲಿ ಮತ್ತು ಮಿಕ್ಸರಿನ ಮೇಲಿರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಮೊದಲು ಮೈಕ್. ನಮ್ಮ ಬಹುತೇಕ ವೇದಿಕೆಗಳಲ್ಲಿ ಇರುವುದು ಶ್ಯೂರ್ ಎಸ್‌ಎಂ58 ಅಥವಾ ಅದೇ ಜಾತಿಯದು. ಅದು ಎದುರಿನಿಂದ ಬರುವ ಶಬ್ದವನ್ನು ಹೆಚ್ಚು ಹಿಡಿದು, ಹಿಂದಿನದನ್ನು ಬಿಡುವಂತೆ ರಚಿಸಲಾಗಿದೆ. ಹಿಂದಿನ ಶಬ್ದವನ್ನು ತಳ್ಳಿಹಾಕಲು ಜಾಲರಿ ಗುಂಡಿನ ಹಿಂಭಾಗದಿಂದಲೂ ಗಾಳಿ ಒಳಹೋಗಬೇಕು. ವಿಡಿಯೊಗಳಲ್ಲಿ ಕಂಡಂತೆ ಜಾಲರಿಯನ್ನು ಪೂರ್ತಿ ಮುಷ್ಟಿಯಲ್ಲಿ ಮುಚ್ಚಿ ಹಿಡಿದರೆ ಆ ದಾರಿ ಮುಚ್ಚಿಹೋಗಿ, ಮೈಕ್ ಎಲ್ಲ ದಿಕ್ಕಿನ ಶಬ್ದವನ್ನೂ ಎಳೆದುಕೊಳ್ಳುತ್ತದೆ. ಪರಿಣಾಮವಾಗಿ ಮಾನಿಟರಿನ (ವೇದಿಕೆಯವರಿಗೇ ಕೇಳಲೆಂದು ಇಟ್ಟ ಸ್ಪೀಕರಿನ) ಶಬ್ದ ಮೈಕಿಗೆ ಮರಳಿ ಬಂದು ಸೀಟಿ ಹೊಡೆಯುತ್ತದೆ, ಮಾತು ಮೂಗಿನಿಂದ ಬಂದಂತೆ ಕೇಳುತ್ತದೆ. ಆಗ ಎಂಜಿನಿಯರ್ ಮೈಕ್ ಇಳಿಸುತ್ತಾರೆ, ಎಂಸಿಗೆ ತನ್ನ ದನಿ ಕೇಳದೆ ಇನ್ನಷ್ಟು ಅರಚುತ್ತಾರೆ. ಇಡೀ ರಾತ್ರಿ ಈ ಜಗಳವೇ ನಡೆಯುತ್ತದೆ.

ಎರಡನೆಯದು ಸಮಯ. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಎಂಸಿಯ ಹತ್ತಿರ ಮಾನಿಟರ್ ಇಲ್ಲದೆ, 15 ಮೀಟರ್ ದೂರದ ಸ್ಪೀಕರಿನ ಶಬ್ದವನ್ನೇ ನಂಬಿ ಹೇಳುತ್ತಿದ್ದರೆ ತಾಳ ಅವರಿಗೆ 44 ಮಿಲಿಸೆಕೆಂಡ್ ತಡವಾಗಿ ಕೇಳುತ್ತದೆ. 174 ಬಿಪಿಎಂ (ನಿಮಿಷಕ್ಕೆ 174 ಹೊಡೆತ) ವೇಗದಲ್ಲಿ ಹದಿನಾರನೇ ಒಂದು ಸ್ವರದ, ಅಂದರೆ ಒಂದು ಹೊಡೆತದ ಕಾಲುಭಾಗದ, ಅಳತೆ 86 ಮಿಲಿಸೆಕೆಂಡ್. ಅಂದರೆ ಅವರು ಅದರ ಅರ್ಧದಷ್ಟು ಹಿಂದೆ ಬೀಳುತ್ತಾರೆ. ಕೇಳುವವರಿಗೆ 'ತಾಳ ಗೊತ್ತಿಲ್ಲದ ಎಂಸಿ' ಎನ್ನಿಸುತ್ತದೆ. ತಾಳ ಗೊತ್ತಿಲ್ಲದ್ದು ಎಂಸಿಗಲ್ಲ, ಮಾನಿಟರ್ ಕೊಡದ ಆಯೋಜಕರಿಗೆ.

ಮೂರನೆಯದಾಗಿ, ಮೌನಿ ಅವರು ಹೇಳಿದ ಸ್ನೇರ್. ಮಾತಿನ ಸ್ಪಷ್ಟತೆ ಇರುವುದು ಒಂದರಿಂದ ನಾಲ್ಕು ಕಿಲೋಹರ್ಟ್ಜ್‌ನ ನಡುವೆ. ಸ್ನೇರ್‌ನ ಚುರುಕು ಇರುವುದೂ ಹೆಚ್ಚುಕಡಿಮೆ ಅಲ್ಲಿಯೇ. ಮೈಕಿನ ಕೆಳಭಾಗವನ್ನು 100 ಹರ್ಟ್ಜ್‌ನ ಹತ್ತಿರ ಕತ್ತರಿಸಿ, ಮೈಕಿಗೆ ಸಂಗೀತಕ್ಕಿಂತ ಪ್ರತ್ಯೇಕವಾದ ಚಾನೆಲ್ ಕೊಟ್ಟು, ಒಬ್ಬರು ಫೇಡರ್ (ಶಬ್ದ ಏರಿಳಿಸುವ ಜಾರುಗುಂಡಿ) ಮೇಲೆ ಬೆರಳಿಟ್ಟು ಕೂತರೆ ಎರಡೂ ಕೇಳುತ್ತವೆ. ಡಿಜೆ ಮಿಕ್ಸರಿನ ಮೈಕ್ ಇನ್‌ಪುಟ್‌ಗೆ ಚುಚ್ಚಿ ಕೈತೊಳೆದುಕೊಂಡರೆ ಒಂದು ಇನ್ನೊಂದನ್ನು ನುಂಗುತ್ತದೆ.

ತೇಮ್ಸ್‌ದಂಡೆ (ಲಂಡನ್)

ಫೇಡರ್ ಅವರ ಬರಹ ಅಚ್ಚುಕಟ್ಟಾಗಿದೆ. ಮೌನಿ ಅವರ ಪ್ರಶ್ನೆಗೆ ಮಾತ್ರ ನನ್ನದೊಂದು ಉತ್ತರವಿದೆ. ಟೆಕ್ನೋದ ನ್ಯಾಯ ಇಲ್ಲಿ ಸಲ್ಲದಿರುವುದಕ್ಕೆ ಕಾರಣ ರೀವೈಂಡ್. ಒಂದು ರೆಕಾರ್ಡಿನ ಡ್ರಾಪ್‌ಗೆ ಸಭೆ ಹುಚ್ಚೆದ್ದು ಕೂಗಿದರೆ ಡಿಜೆ ಅದನ್ನು ಅಲ್ಲಿಯೇ ನಿಲ್ಲಿಸಿ, ಕೈಯಿಂದ ಹಿಂದಕ್ಕೆ ತಿರುಗಿಸಿ, ಮೊದಲಿನಿಂದ ಹಾಕುತ್ತಾರೆ. ಜಮೈಕಾದಿಂದ ಬಂದ ಈ ಪದ್ಧತಿ ಜಂಗಲ್, ಗ್ಯಾರಾಜ್, ಗ್ರೈಮ್, ಡಬ್‌ಸ್ಟೆಪ್ ಎಲ್ಲದರಲ್ಲೂ ಇದೆ. ಹಾಗೆ ನಿಲ್ಲಿಸಿದ ಮೇಲೆ ಐದಾರು ಸೆಕೆಂಡ್ ಸಂಗೀತವೇ ಇರುವುದಿಲ್ಲ. ಆ ಖಾಲಿಯನ್ನು ಹಿಡಿದುಕೊಳ್ಳುವವರು ಎಂಸಿ. ಜನರ ಕೂಗನ್ನು ಡಿಜೆಗೆ ಮುಟ್ಟಿಸುವವರೂ ಅವರೇ, ಮೂರನೆಯ ಸಲ ಬೇಡವೆಂದು ತಡೆಯುವವರೂ ಅವರೇ ಆಗಿರಬೇಕು. ಟೆಕ್ನೋದಲ್ಲಿ ಸಂಗೀತ ನಿಲ್ಲುವುದಿಲ್ಲ, ಹಾಗಾಗಿ ಹಿಡಿದುಕೊಳ್ಳುವವರು ಬೇಕಾಗುವುದಿಲ್ಲ.

ಗ್ಯಾರಾಜ್‌ನ ಕಾಲದಲ್ಲಿ ಕದ್ದು ನಡೆಸುತ್ತಿದ್ದ ಪೈರೇಟ್ ರೇಡಿಯೊ ಕೇಂದ್ರಗಳಿಗೆ ಕೇಳುಗರು ಮಿಸ್ಡ್ ಕಾಲ್ ಕೊಡುತ್ತಿದ್ದರು. ಎಂಸಿ ಸ್ಟುಡಿಯೊದ ಮೊಬೈಲ್ ಸಂಖ್ಯೆಯನ್ನು ತಾಳಕ್ಕೆ ಸರಿಯಾಗಿ ಹೇಳುತ್ತಿದ್ದರು. ಹಾಡು ಹಿಡಿಸಿದವರು ಒಂದು ರಿಂಗ್ ಕೊಟ್ಟು ಇಡುತ್ತಿದ್ದರು. ಫೋನ್ ಎಡೆಬಿಡದೆ ಮಿನುಗತೊಡಗಿದರೆ ರೀವೈಂಡ್. ಮಿಸ್ಡ್ ಕಾಲ್ ನಮ್ಮವರ ಸ್ವತ್ತೆಂದು ಭಾವಿಸಿದ್ದವರಿಗೆ ಇದು ಅಚ್ಚರಿ ಅನ್ನಿಸಬಹುದು.

ಗ್ಯಾರಾಜ್‌ನಲ್ಲಿ ಎಂಸಿ ಮೊದಲು ಆತಿಥೇಯರಾಗಿದ್ದರು. 2000ದಲ್ಲಿ ಡಿಜೆ ಲಕ್ ಮತ್ತು ಎಂಸಿ ನೀಟ್ ಅವರ ಹಾಡು ಪಟ್ಟಿಯ ಮೊದಲ ಹತ್ತರಲ್ಲಿತ್ತು; ಅದರಲ್ಲಿಯೂ ಡಿಜೆಯ ಹೆಸರೇ ಮುಂದೆ. ಮರುವರ್ಷ ಸೋ ಸಾಲಿಡ್ ಕ್ರೂ ಎಂಬ ದೊಡ್ಡ ತಂಡದ ಎಂಸಿಗಳು ತಲಾ 21 ಸೆಕೆಂಡು ಹಂಚಿಕೊಂಡು ಹೇಳಿದ ಹಾಡು ಮೊದಲನೆಯ ಸ್ಥಾನಕ್ಕೆ ಹೋಯಿತು. ಅಲ್ಲಿಗೆ ತಕ್ಕಡಿ ವಾಲಿತು. ಅಂದವಾಗಿ ಉಡುಪು ಧರಿಸಿ ಬರುತ್ತಿದ್ದ ಹಳೆಯ ಗ್ಯಾರಾಜ್ ಮಂದಿ ಸಿಟ್ಟಾದರು, ಎಂಸಿಗಳು ತಮ್ಮದೇ ಖಾಲಿ ತಾಳಗಳನ್ನು ಮಾಡಿಕೊಂಡು ಹೊರನಡೆದರು, ಅದು ಗ್ರೈಮ್ ಆಯಿತು. ಡಿಜ್ಜಿ ರಾಸ್ಕಲ್ ಅವರಿಗೆ 2003ರಲ್ಲಿ ಮರ್ಕ್ಯುರಿ ಬಂತು. ಹಿಂದಿನ ವರ್ಷ ಬಂದದ್ದು ಮಿಸ್ ಡೈನಮೈಟ್ ಅವರಿಗೆ, ಅವರೂ ಗ್ಯಾರಾಜ್ ಮೈಕಿನಿಂದಲೇ ಬಂದವರು.

ಇದರ ಬೆಲೆಯನ್ನೂ ಅವರೇ ತೆತ್ತರು. ಲಂಡನ್ ಮೆಟ್ರೊಪಾಲಿಟನ್ ಪೊಲೀಸರು 2005ರಲ್ಲಿ ಫಾರ್ಮ್ 696 ಎಂಬ ಅಪಾಯ ಅಂದಾಜಿನ ನಮೂನೆಯನ್ನು ತಂದರು. ಮುದ್ರಿತ ಸಂಗೀತದ ಮೇಲೆ ಡಿಜೆಗಳೋ ಎಂಸಿಗಳೋ ಪ್ರದರ್ಶನ ಕೊಡುವ ಕಾರ್ಯಕ್ರಮಗಳೇ ಅದರ ಗುರಿ. ಕಲಾವಿದರ ನಿಜವಾದ ಹೆಸರು, ಫೋನ್ ಸಂಖ್ಯೆಗಳನ್ನು ಮುಂಚಿತವಾಗಿ ಕೊಡಬೇಕಿತ್ತು. ಮೊದಲ ರೂಪದಲ್ಲಿ ಬರುವ ಪ್ರೇಕ್ಷಕರು ಯಾವ ಜನಾಂಗದವರೆಂದೂ ಕೇಳುತ್ತಿತ್ತು. ಗಿಟಾರ್ ತಂಡಗಳಿಗೆ ಇಲ್ಲದ ಈ ತಪಾಸಣೆಯಿಂದ ಎಷ್ಟೋ ಕ್ಲಬ್ಬುಗಳು ಎಂಸಿಗಳನ್ನು ಕರೆಯುವುದನ್ನೇ ಬಿಟ್ಟವು. 2017ರ ನವೆಂಬರ್‌ನಲ್ಲಿ ಅದನ್ನು ರದ್ದುಪಡಿಸಿದರು. ಮೈಕ್ ಬೇಡವೆನ್ನುವ ಮಾತು ರುಚಿಯ ಮಾತಾಗಿಯೇ ಉಳಿಯುವುದಿಲ್ಲ, ಕೆಲವೊಮ್ಮೆ ಯಾರು ಒಳಗೆ ಬರಬೇಕು ಎಂಬ ಮಾತಾಗಿಬಿಡುತ್ತದೆ. ಮೌನಿ ಅವರ ಮಾತನ್ನು ಆ ಸಾಲಿಗೆ ಸೇರಿಸುತ್ತಿಲ್ಲ.

ಡಚ್ಚರ ನೆರೆಯವ (ಐಂಡ್‌ಹೋವನ್)

ಚರ್ಚೆ ಲಂಡನ್ನಿನಲ್ಲೇ ಸುತ್ತುತ್ತಿರುವುದರಿಂದ ನೆದರ್ಲೆಂಡ್ಸ್‌ನ ಪದ್ಧತಿಯನ್ನೂ ಸೇರಿಸುತ್ತೇನೆ. ಇಲ್ಲಿ ಗ್ಯಾಬರ್ ಮತ್ತು ಹಾರ್ಡ್‌ಸ್ಟೈಲ್ ಎಂಬ ಬಿರುಸಾದ ಕುಣಿತದ ಸಂಗೀತಗಳಿಗೆ ಎಂಸಿ ಇದ್ದೇ ಇರುತ್ತಾರೆ, ಆದರೆ ಪ್ರಾಸಕಟ್ಟಿ ಹದಿನಾರು ಬಾರ್ ಹೇಳುವ ರೂಢಿಯಿಲ್ಲ. 1992ರಲ್ಲಿ ಶುರುವಾದ ಥಂಡರ್‌ಡೋಮ್‌ನಿಂದ ಹಿಡಿದು, 2003ರಿಂದ ನಡೆಯುತ್ತಿರುವ ಡೆಫ್‌ಕಾನ್.1 ಉತ್ಸವದವರೆಗೆ ಎಂಸಿ ಎಂದರೆ ದೊಡ್ಡ ಗಂಟಲಿನ ಸಾರಥಿ. ಎಂಸಿ ವಿಲನ್ ಅವರಂಥವರು ಡ್ರಾಪ್‌ಗೆ ಮೊದಲು ಒಂದೇ ವಾಕ್ಯ ಹೇಳಿ ಸರಿಯುತ್ತಾರೆ. ಬಯಲಿನಲ್ಲಿ ಸಾವಿರಾರು ಜನ ಒಮ್ಮೆಗೇ ಎಡಕ್ಕೆ, ಒಮ್ಮೆಗೇ ಬಲಕ್ಕೆ ಸರಿಯುವುದನ್ನು ನೋಡಿದ್ದೇನೆ. ಅಷ್ಟು ದೊಡ್ಡ ಗುಂಪಿಗೆ ಮಾತಿಲ್ಲದೆ ಅದು ಸಾಧ್ಯವಾಗದು. ಕಲೆಯಾಗಿ ನನಗೆ ಅಷ್ಟೇನೂ ಹಿಡಿಸುವುದಿಲ್ಲ ಎಂದೂ ಹೇಳಿಬಿಡುತ್ತೇನೆ.

ಹೋಲಿಕೆಗೆ ಇಂಗ್ಲೆಂಡಿನ ಈಶಾನ್ಯ ಮೂಲೆಯನ್ನು ನೋಡಬೇಕು. ಸ್ಪೇನ್‌ನಿಂದ ಬಂದ ಮಕಿನಾ ಎಂಬ ಅತಿವೇಗದ ಸಂಗೀತದ ಮೇಲೆ ಸಂಡರ್‌ಲೆಂಡ್, ನ್ಯೂಕಾಸಲ್ ಕಡೆಯ ಹುಡುಗರು ತಮ್ಮ ಊರಿನ ಉಚ್ಚಾರಣೆಯಲ್ಲೇ ಹೇಳತೊಡಗಿದರು. ಸಂಡರ್‌ಲೆಂಡ್‌ನ ನ್ಯೂ ಮಂಕಿ ಎಂಬ ಕ್ಲಬ್ 2006ರಲ್ಲಿ ಮುಚ್ಚಿದರೂ ಅಲ್ಲಿನ ಧ್ವನಿಮುದ್ರಣಗಳನ್ನು ಜನ ಈಗಲೂ ಹುಡುಕಿ ಕೇಳುತ್ತಾರೆ. ತಾಳ ಸ್ಪೇನ್‌ನದು, ದನಿ ಮಾತ್ರ ತಮ್ಮ ಬೀದಿಯದು.

ಇರುಳುಗಣ್ಣಿ (ಬೆಂಗಳೂರು)

ಕುಣಿಯಲು ಹೋಗುವವಳಾಗಿ ನನ್ನದೂ ಒಂದು ಮಾತು. ಡಿಜೆಯ ಕಣ್ಣು ಡೆಕ್ ಮೇಲೆ, ಕಿವಿ ಹೆಡ್‌ಫೋನಿನಲ್ಲಿ ಇರುತ್ತದೆ. ಬೆಳಕಿನವರು ತಮ್ಮ ಬೋರ್ಡ್ ನೋಡುತ್ತಿರುತ್ತಾರೆ. ಇಡೀ ವೇದಿಕೆಯ ಮೇಲೆ ನಮ್ಮ ಮುಖ ನೋಡುತ್ತ ನಿಂತಿರುವವರು ಎಂಸಿ ಒಬ್ಬರೇ. ಒಮ್ಮೆ ಮುಂದಿನ ಸಾಲಿನಲ್ಲಿ ಹುಡುಗಿಯೊಬ್ಬಳ ಸುತ್ತ ನಾಲ್ಕೈದು ಮಂದಿ ಬೇಕೆಂದೇ ಒತ್ತುತ್ತಿದ್ದುದು ಎಂಸಿಯ ಕಣ್ಣಿಗೆ ಬಿತ್ತು. ಆತ ಯಾರನ್ನೂ ಬೊಟ್ಟುಮಾಡಿ ತೋರಿಸಲಿಲ್ಲ. ಹೇಳುತ್ತಿದ್ದ ಸಾಲಿನ ತಾಳ ಬಿಡದೆಯೇ "ಮುಂದಿನವರು ಎರಡು ಹೆಜ್ಜೆ ಹಿಂದೆ, ಅಕ್ಕನಿಗೆ ಜಾಗ ಬಿಡಿ" ಎಂದು ಸೇರಿಸಿದ. ಇಡೀ ಗುಂಪು ಹಿಂದೆ ಸರಿಯಿತು, ಬೌನ್ಸರ್ ಆ ಕಡೆ ನಡೆದ. ಕಾಸು ಕೊಟ್ಟು ಎಂಸಿಯನ್ನು ಕರೆಸುವ ಆಯೋಜಕರು ಪ್ರಾಸಕ್ಕಿಂತ ಮೊದಲು ಈ ಗುಣವನ್ನು ನೋಡಬೇಕು. ಜೊತೆಗೆ, ಚಿಕಬೂ ಅವರಂಥ ಮಹಿಳೆಯರು 1990ರ ದಶಕದಲ್ಲೇ ಈ ಮೈಕ್ ಹಿಡಿದಿದ್ದರೂ ನಮ್ಮ ಊರಿನ ಪೋಸ್ಟರುಗಳಲ್ಲಿ ಇಂದಿಗೂ ಹೆಣ್ಣು ಎಂಸಿಯ ಹೆಸರು ಕಾಣುವುದು ಅಪರೂಪ ಏಕೆಂದು ಅವರನ್ನೇ ಕೇಳಬೇಕು.

ಸಂಜೆಮಲ್ಲಿಗೆ (ಬೆಂಗಳೂರು)

ಆಯೋಜಕಿಯಾಗಿ ಉತ್ತರಿಸುತ್ತೇನೆ. ಹೆಣ್ಣು ಎಂಸಿಗಳ ಬಗ್ಗೆ ಇರುಳುಗಣ್ಣಿ ಅವರು ಕೇಳಿದ್ದಕ್ಕೆ ನನ್ನಲ್ಲಿ ಸಮರ್ಥನೆಯಿಲ್ಲ. ನಾವು ಹುಡುಕುವ ಶ್ರಮ ತೆಗೆದುಕೊಂಡಿಲ್ಲ.

ನಾದಲೋಲ ಅವರು ಅನುಭವಿಸಿದ ಕಷ್ಟದ ಮೂಲ ಬೇರೆಡೆ ಇದೆ. ನಮ್ಮಲ್ಲಿ ಮದುವೆಯ ಸಂಗೀತ್, ಕಂಪನಿಯ ವಾರ್ಷಿಕೋತ್ಸವ, ಉತ್ಪನ್ನ ಬಿಡುಗಡೆ ಇವುಗಳನ್ನು ನಡೆಸಿಕೊಡುವವರನ್ನೂ ಎಂಸಿ ಎಂದೇ ಕರೆಯುತ್ತಾರೆ. ಅವರು ತಮ್ಮ ಕೆಲಸದಲ್ಲಿ ನಿಪುಣರೇ. ಮೌನ ಬಂದರೆ ಅದನ್ನು ತುಂಬುವುದು ಅವರ ವೃತ್ತಿ. ಅಂಥವರನ್ನು ಕರೆತಂದು ಜಂಗಲ್ ಸೆಟ್‌ನ ಪಕ್ಕ ನಿಲ್ಲಿಸಿದರೆ ಬ್ರೇಕ್‌ಡೌನ್ (ಡ್ರಾಪ್‌ಗೆ ಮೊದಲು ಡ್ರಮ್ ನಿಲ್ಲುವ ಭಾಗ) ಅನ್ನೂ ತುಂಬಬೇಕಾದ ಮೌನವೆಂದೇ ತಿಳಿಯುತ್ತಾರೆ. ಪ್ರಾಯೋಜಕರು ತಮ್ಮ ಹೆಸರು ಗಂಟೆಗೆ ಇಷ್ಟು ಸಲ ಕೇಳಬೇಕೆಂದು ಒಪ್ಪಂದದಲ್ಲೇ ಬರೆಸುತ್ತಾರೆ. ಆ ಸಾಲುಗಳನ್ನು ಎರಡು ಡಿಜೆಗಳ ನಡುವಿನ ಬದಲಾವಣೆಯ ಹೊತ್ತಿಗೆ ಸೀಮಿತಗೊಳಿಸುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ. ಒಪ್ಪದ ಪ್ರಾಯೋಜಕರು ಈವರೆಗೆ ಸಿಕ್ಕಿಲ್ಲ.

ಇನ್ನೊಂದು ಉಪಯೋಗವನ್ನು ಯಾರೂ ಹೇಳಲಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳಂತೆ ಹೊರಾಂಗಣದಲ್ಲಿ ರಾತ್ರಿ ಹತ್ತರ ನಂತರ ಧ್ವನಿವರ್ಧಕ ನಡೆಸುವಂತಿಲ್ಲ. ಬಯಲು ಕಾರ್ಯಕ್ರಮದಲ್ಲಿ ಒಂಬತ್ತೂಮುಕ್ಕಾಲಿಗೆ, ಕುಣಿತ ತುದಿಯಲ್ಲಿರುವಾಗ, ಜನರನ್ನು ಬೇಸರಪಡಿಸದೆ ಮನೆಯ ಕಡೆ ತಿರುಗಿಸುವುದು ಸುಲಭವಲ್ಲ. ಕೊನೆಯ ಎರಡು ರೆಕಾರ್ಡ್ ಎಂದು ಮೊದಲೇ ಹೇಳಿ, ಎಲ್ಲರಿಂದ ಒಂದು ಕೂಗು ತೆಗೆಸಿ, ಡಿಜೆಗೆ ಚಪ್ಪಾಳೆ ಹೊಡೆಸಿ ಮುಗಿಸುವ ಎಂಸಿ ಇದ್ದರೆ ನನ್ನ ಅರ್ಧ ತಲೆನೋವು ಇಳಿಯುತ್ತದೆ.

ಮಾತ್ರಾಗಣ (ಶಿವಮೊಗ್ಗ)

ಕನ್ನಡದಲ್ಲಿ ಇದನ್ನು ಮಾಡಬಹುದೇ ಎಂದು ಯೋಚಿಸುತ್ತಿದ್ದೇನೆ. ಕನ್ನಡ ರ್‍ಯಾಪ್ ಈಗ ಸಾಕಷ್ಟು ಬೆಳೆದಿದೆ, ಆದರೆ ಅದರ ತಾಳ ನಿಧಾನದ್ದು. 174 ಬಿಪಿಎಂನಲ್ಲಿ ನಾಲ್ಕು ಹೊಡೆತದ ಒಂದು ಬಾರ್ 1.38 ಸೆಕೆಂಡಿನಲ್ಲಿ ಮುಗಿಯುತ್ತದೆ, ಹದಿನಾರು ಬಾರ್ ಎಂದರೆ 22 ಸೆಕೆಂಡ್. ಹದಿನಾರನೇ ಸ್ವರಕ್ಕೊಂದು ಅಕ್ಷರದಂತೆ ಇಮ್ಮಡಿ ವೇಗದಲ್ಲಿ ಹೇಳಿದರೆ ಸೆಕೆಂಡಿಗೆ ಹನ್ನೊಂದಕ್ಕೂ ಹೆಚ್ಚು ಅಕ್ಷರಗಳಾಗುತ್ತವೆ. ನಮ್ಮ ಪದಗಳು ಸ್ವರಾಕ್ಷರದಲ್ಲಿ ಕೊನೆಗೊಳ್ಳುವುದರಿಂದ ನಾಲಿಗೆ ಎಡವುವುದಿಲ್ಲ, ಅದು ಅನುಕೂಲ. ಆದರೆ ಪ್ರತ್ಯಯಗಳು ಸೇರಿ ಪದ ಉದ್ದವಾಗುವುದರಿಂದ ಅಷ್ಟು ಅಕ್ಷರಗಳಲ್ಲಿ ಹೇಳಿ ಮುಗಿಸಬಹುದಾದ ಅರ್ಥ ಸ್ವಲ್ಪವೇ.

ಪ್ರಾಸದ ತೊಂದರೆ ಬೇರೆ. ವಾಕ್ಯದ ಕೊನೆಗೆ ಕ್ರಿಯಾಪದ ಬರುವುದರಿಂದ ಬಂದಿದೆ, ನಿಂತಿದೆ, ಕುಂತಿದೆ ಎಂದು ಅಂತ್ಯಪ್ರಾಸ ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಸಿಕ್ಕದ್ದಕ್ಕೆ ಸಭೆ ಕೂಗುವುದಿಲ್ಲ. ನಮ್ಮ ಹಳೆಯ ಕವಿಗಳು ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸವಿಟ್ಟರು. ಡ್ರಾಪ್ ಆದ ಕೂಡಲೆ ಪ್ರತಿ ಸಾಲಿನ ಆರಂಭ ಒಂದೇ ಪೆಟ್ಟಿನಿಂದ ಬೀಳುವುದರಿಂದ, ಅರ್ಥ ತಿಳಿಯದಷ್ಟು ಗದ್ದಲದಲ್ಲಿಯೂ ಅದು ಕಿವಿಗೆ ತಾಕುತ್ತದೆ ಎಂಬುದು ನನ್ನ ಅಂದಾಜು. ನಾಲ್ಕು ನಾಲ್ಕು ಮಾತ್ರೆಯ ಗಣಗಳನ್ನು ತೆಗೆದುಕೊಂಡು, ಪೂರ್ಣ ವೇಗಕ್ಕೆ ಹೋಗದೆ ಅರ್ಧ ವೇಗದಲ್ಲಿ ಹೇಳಿ ಯಾರಾದರೂ ಪ್ರಯತ್ನಿಸಬೇಕು.

ನಾದಲೋಲ (ಬೆಂಗಳೂರು)

ಇಷ್ಟು ಸಮೃದ್ಧವಾದ ಉತ್ತರಗಳನ್ನು ನಿರೀಕ್ಷಿಸಿರಲಿಲ್ಲ. ಮಾತ್ರಾಗಣ ಅವರೇ, ನೀವೇ ಎಂಟು ಸಾಲು ಬರೆದು ಕೊಡಿ, ಹೇಳುವವರನ್ನು ನಾನು ಹುಡುಕುತ್ತೇನೆ. ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ 2005ರಿಂದ ನಡೆದ ಡಿಎಂಝಡ್ ಡಬ್‌ಸ್ಟೆಪ್ ರಾತ್ರಿಗಳ ಧ್ವನಿಮುದ್ರಣಗಳಲ್ಲಿ ಸಾರ್ಜೆಂಟ್ ಪೋಕ್ಸ್ ಅವರನ್ನು ಕೇಳಿದ ಮೇಲೆ, ಕಡಿಮೆ ಮಾತನಾಡುವ ಎಂಸಿಯೂ ಸಭೆಯನ್ನು ಪೂರ್ತಿ ತನ್ನ ಕೈಯಲ್ಲಿ ಇಟ್ಟುಕೊಳ್ಳಬಲ್ಲರೆಂಬುದು ನನಗೆ ಖಚಿತವಾಗಿದೆ. ಮೌನಿ ಅವರು ಅವನ್ನು ಕೇಳಿ ಅಭಿಪ್ರಾಯ ಹೇಳಬೇಕು.

ಮಲ್ಲೇಶ್ವರದ ಮೌನಿ (ಬೆಂಗಳೂರು)

ಕೇಳಿದ್ದೇನೆ. ಪೋಕ್ಸ್ ಮತ್ತು ಕಾನ್ರಾಡ್ ಇಬ್ಬರಿಗೂ ನನ್ನ ತಕರಾರಿಲ್ಲ. ಉಳಿದವರ ಬಗ್ಗೆ ಹಾಗೆಯೇ ಇದೆ. ಇರುಳುಗಣ್ಣಿ ಅವರು ಹೇಳಿದ ಕಾರಣಕ್ಕೆ ಸಭಾಂಗಣದಲ್ಲಿ ಎಂಸಿ ಇರಲಿ. ಆದರೆ ಮನೆಯಲ್ಲಿ ಸೆಟ್ ಕೇಳುವಾಗ ನನಗೆ ಮಾತು ಬೇಡ. ಫೇಡರ್ ಅವರೇ, ಎರಡನ್ನೂ ಬೇರೆ ಬೇರೆಯಾಗಿ ಮುದ್ರಿಸಲು ಸಾಧ್ಯವಿಲ್ಲವೇ?

ಫೇಡರ್ (ಹುಬ್ಬಳ್ಳಿ)

ಖಂಡಿತ ಸಾಧ್ಯ, ಹೆಚ್ಚಿನ ಖರ್ಚೂ ಇಲ್ಲ. ಮೈಕನ್ನು ಡಿಜೆ ಮಿಕ್ಸರಿಗೆ ಚುಚ್ಚದೆ ನೇರವಾಗಿ ಸಭಾಂಗಣದ ಮುಖ್ಯ ಮಿಕ್ಸರಿಗೆ ತನ್ನಿ. ಡಿಜೆ ಮಿಕ್ಸರಿನ ರೆಕಾರ್ಡ್ ಔಟ್‌ನಿಂದ ಸಂಗೀತ ಮಾತ್ರ ಒಂದು ಯಂತ್ರಕ್ಕೆ ಹೋಗಲಿ. ಮುಖ್ಯ ಮಿಕ್ಸರಿನಿಂದ ಮೈಕ್ ಒಂದನ್ನೇ ಇನ್ನೊಂದು ಟ್ರ್ಯಾಕ್‌ಗೆ ಕಳುಹಿಸಿ. ಸೆಟ್ ಶುರುವಾಗುವ ಮೊದಲು ಮೈಕ್ ಮುಂದೆ ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟಿ, ಅದೇ ಗಳಿಗೆಯಲ್ಲಿ ಡಿಜೆ ಒಂದು ಕಿಕ್ ಡ್ರಮ್ ಹೊಡೆತ ಹಾಕಿದರೆ ಆಮೇಲೆ ಎರಡನ್ನೂ ಹೊಂದಿಸುವುದು ಸುಲಭ. ಮಾತು ಬೇಡವಾದವರಿಗೆ ಮೊದಲನೆಯದು, ಬೇಕಾದವರಿಗೆ ಎರಡೂ ಕೂಡಿಸಿದ್ದು. ಸಭೆಯ ಕೂಗು ಎರಡರಲ್ಲೂ ಇರುವುದಿಲ್ಲವಾದ್ದರಿಂದ ಅದಕ್ಕಾಗಿ ವೇದಿಕೆಯ ಅಂಚಿನಲ್ಲಿ, ಜನರ ಕಡೆ ಮುಖಮಾಡಿ ಮತ್ತೊಂದು ಮೈಕ್ ಇಡಬೇಕಾಗುತ್ತದೆ. ಅದಿಲ್ಲದೆ ರೀವೈಂಡ್ ಮುದ್ರಿಸಿದರೆ ಡಿಜೆ ಏಕೆ ಇದ್ದಕ್ಕಿದ್ದಂತೆ ನಿಲ್ಲಿಸಿದರೆಂದು ಕೇಳುವವರಿಗೆ ತಿಳಿಯುವುದೇ ಇಲ್ಲ.